ಕೊಕ್ಕರೆಯ ಕೊನೆಯ ಸುತ್ತು

ಋತು ಬದಲಿಸುವುದು ದೇವರ ಕೆಲಸ. ಅದರಲ್ಲಿ ತಪ್ಪು ಹುಡುಕುವುದು ಆಟದ ಮೇಷ್ಟ್ರ ಕೆಲಸ. ಚಳಿ ಸರಿದು ಬಿಸಿಲು ಬೆಚ್ಚಗಾಯಿತೆಂದು ಬೀದಿಯವರೆಲ್ಲ ಸ್ವೆಟರ್ ಮಡಿಸಿ ಪೆಟ್ಟಿಗೆಗೆ ಹಾಕಿದರೂ, ಮೇಷ್ಟ್ರು ಮಾತ್ರ ತಮ್ಮದನ್ನು ಹೆಗಲಿಗೇರಿಸಿ, ತೋಳುಗಳನ್ನು ಕೊರಳಿಗೆ ಗಂಟು ಹಾಕಿಕೊಂಡು ಆಕಾಶವನ್ನು ಓರೆಗಣ್ಣಿನಿಂದ ನೋಡುತ್ತಿದ್ದರು. ಇದು ನಿಜವಾದ ಬಿಸಿಲಲ್ಲ, ಮೂಗಿಗೆ ತುಪ್ಪ ಸವರುವ ಬಿಸಿಲು ಎಂಬುದು ಅವರ ವಾದ. ಹೊಟ್ಟೆನೋವಿನ ಚೀಟಿ ತಂದ ಮಕ್ಕಳನ್ನು ಅವರು ನಂಬುತ್ತಿರಲಿಲ್ಲ. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವ ಜವಾನನನ್ನು ನಂಬದೆ, ಅವನು ಹೋದ ಮೇಲೆ ತಾವೇ ಟೇಪು ಹಿಡಿದು ಮತ್ತೊಮ್ಮೆ ಅಳೆಯುತ್ತಿದ್ದರು. ಮಕ್ಕಳು ಸುಮ್ಮನಿರುತ್ತಾರೆಯೇ, ಗುಮಾನಿ ಮೇಷ್ಟ್ರು ಎಂದು ಹೆಸರಿಟ್ಟಿದ್ದರು.

ಲೋಕದಲ್ಲಿ ಅವರು ಕಣ್ಣುಮುಚ್ಚಿ ನಂಬಿದ್ದು ಇಬ್ಬರನ್ನು. ಒಬ್ಬ ಮೇಲಿರುವ ದೇವರು, ಇನ್ನೊಬ್ಬ ಕೊಕ್ಕರೆ.

ಕೊಕ್ಕರೆ ಎಂದರೆ ಅವರ ಬಾಲ್ಯದ ಓಟಗಾರ. ಉದ್ದ ಕಾಲಿನವನೆಂದು ರೇಡಿಯೋದವರು ಇಟ್ಟ ಹೆಸರು ಅದು. ಆಗ ಬೆಂಕಿಪೊಟ್ಟಣದ ಮೇಲೂ ಅವನೇ, ನೋಟ್‌ಬುಕ್ಕಿನ ರಟ್ಟಿನ ಮೇಲೂ ಅವನೇ. ಹುಡುಗರು ಅವನಂತೆ ಹಣೆಗೆ ಕರವಸ್ತ್ರ ಕಟ್ಟಿಕೊಂಡು, ಅಂಗಡಿಗೆ ಉಪ್ಪು ತರಲು ಹೋದರೂ ಓಡಿಕೊಂಡೇ ಹೋಗುತ್ತಿದ್ದರು. ಅವನ ಕಟ್ಟಕಡೆಯ ಓಟ ರೇಡಿಯೋದಲ್ಲಿ ಬಂದ ಸಂಜೆ, ಹನ್ನೊಂದು ವರ್ಷದ ಮೇಷ್ಟ್ರು ದಡಾರ ಎದ್ದು ಜ್ವರದಲ್ಲಿ ಮಲಗಿದ್ದರು. ಅವರ ಪರವಾಗಿ ಅಕ್ಕ ರೇಡಿಯೋದ ಮುಂದೆ ಕುಳಿತು ಅದನ್ನು ಕ್ಯಾಸೆಟ್ಟಿಗೆ ತುಂಬಿಸಿದಳು.

ಆ ಕ್ಯಾಸೆಟ್ ಇಂದಿಗೂ ಇದೆ. ಪ್ರತಿ ವರ್ಷ ಚಳಿ ಮುಗಿದು ಓಟದ ಅಭ್ಯಾಸ ಶುರುವಾಗುವ ದಿನ ಮೇಷ್ಟ್ರು ಅದನ್ನು ಮೈದಾನದಲ್ಲಿ ಹಾಕಿ ಮಕ್ಕಳಿಗೆ ಕೇಳಿಸುತ್ತಾರೆ. ಕೊನೆಯ ಸುತ್ತಿಗೆ ಮುಂಚೆ ರೇಡಿಯೋದವನು "ಅಯ್ಯೋ, ಕೊಕ್ಕರೆ ಬಿದ್ದ" ಎನ್ನುತ್ತಾನೆ. ಜನ ಹೋ ಎನ್ನುತ್ತಾರೆ. ಮರುಕ್ಷಣವೇ ಡೋಲು ಬಡಿದು ಯಾವುದೋ ಹಳೆಯ ಸಿನಿಮಾ ಹಾಡು. ಆ ಡೋಲಿನ ಮೊದಲ ಪೆಟ್ಟಿಗೇ ಮೇಷ್ಟ್ರ ಹೆಬ್ಬೆರಳು ಗುಂಡಿ ಒತ್ತಿ ನಿಲ್ಲಿಸುತ್ತದೆ. ಉಳಿದದ್ದನ್ನು ಅವರು ಬಾಯಲ್ಲೇ ಹೇಳುತ್ತಾರೆ: ಎದ್ದ, ಮಂಡಿಯ ರಕ್ತ ಒರೆಸಿಕೊಳ್ಳಲಿಲ್ಲ, ಐದು ಜನರನ್ನು ಹಿಂದೆ ಹಾಕಿದ, ಗೆದ್ದ. ಆಮೇಲೆ ಮಕ್ಕಳನ್ನು ಓಡಿಸಿ, ಮೂರನೆಯವರು ಗೆರೆ ದಾಟಿದೊಡನೆ ಸ್ಟಾಪ್‌ವಾಚನ್ನು ಜೇಬಿಗೆ ಹಾಕುತ್ತಾರೆ. ಗೆಲ್ಲುವವರಿಗಲ್ಲದೆ ಗಡಿಯಾರ ಯಾರಿಗೆ?

ಗೆದ್ದದ್ದು ಅವರಿಗೆ ಗೊತ್ತಾದದ್ದು ಅಕ್ಕನಿಂದ. ಹಾಡು ಬಂದದ್ದೂ ಅಕ್ಕನಿಂದಲೇ. ತನಗೆ ಪ್ರಾಣವಾದ ಹಾಡು ರೇಡಿಯೋದಲ್ಲಿ ಬಂತು, ಆತುರದಲ್ಲಿ ಕೈತಪ್ಪಿ ಗುಂಡಿ ಒತ್ತಿಬಿಟ್ಟೆ ಎಂದು ಅವಳು ಅಂದು ಹೇಳಿದ್ದಳು. ಈಗ ಒಂದೇ ಮನೆಯ ಕೆಳಗೆ ಅಕ್ಕನ ಹೊಲಿಗೆ ಅಂಗಡಿ, ಮೇಲೆ ತಮ್ಮನ ಕೋಣೆ. ಊಟ ಒಟ್ಟಿಗೆ, ಜಗಳವೂ ಒಟ್ಟಿಗೆ. ಆದರೆ ಒಂದು ಹಾಳು ಹಾಡಿಗಾಗಿ ಕೊಕ್ಕರೆಯ ಗೆಲುವನ್ನು ಅಳಿಸಿದವಳು ಎಂಬ ಮುಳ್ಳು ನಲವತ್ತೇಳು ವರ್ಷಗಳಿಂದ ಅವರೊಳಗೆ ಹಾಗೇ ಇತ್ತು.

ಈ ವರ್ಷ ಅಭ್ಯಾಸದ ಹಿಂದಿನ ದಿನ ಮಧ್ಯಾಹ್ನ ಮೇಷ್ಟ್ರು ಕ್ಯಾಸೆಟ್ಟಿನ ಧೂಳು ಒರೆಸುತ್ತಿದ್ದಾಗ, ಅದರ ಮೂಲೆಯಲ್ಲಿದ್ದ ಬಟ್ಟೆಯ ಪ್ಲಾಸ್ಟರಿನ ತುಂಡು ಒಣಗಿ ಉದುರಿತು. ಅಕ್ಕ ಸೂಜಿ ಚುಚ್ಚಿದ ಬೆರಳಿಗೆ ಸುತ್ತಿಕೊಳ್ಳುತ್ತಿದ್ದ ಪ್ಲಾಸ್ಟರು ಅದು. ಒಡೆದ ಮೂಲೆಗೆ ಅಂಟಿಸಿದ್ದಾಳೆ ಎಂದೇ ಅವರು ತಿಳಿದಿದ್ದರು. ಈಗ ನೋಡಿದರೆ ಮೂಲೆ ಒಡೆದಿರಲಿಲ್ಲ. ಅಲ್ಲಿನ ಚಿಕ್ಕ ಪ್ಲಾಸ್ಟಿಕ್ ಹಲ್ಲು ಮುರಿದಿತ್ತು, ಅಷ್ಟೇ.

ಮೇಷ್ಟ್ರ ತಲೆಗೆ ಹುಳ ಬಿಟ್ಟಂತಾಯಿತು. ಕ್ಯಾಸೆಟ್ ಕಾಲದವರಿಗೆ ಇದು ಗೊತ್ತು: ಆ ಹಲ್ಲು ಮುರಿದರೆ ಮತ್ತೆ ಅದರ ಮೇಲೆ ಏನನ್ನೂ ತುಂಬಲು ಬರುವುದಿಲ್ಲ, ಗುಂಡಿಯೇ ಕೆಳಗೆ ಇಳಿಯುವುದಿಲ್ಲ. ತುಂಬಲೇಬೇಕೆಂದರೆ ತೂತಿನ ಮೇಲೆ ಏನಾದರೂ ಅಂಟಿಸಬೇಕು. ಓಟ ಮುಗಿದ ಕೂಡಲೇ ಹಲ್ಲು ಮುರಿ ಎಂದು ಜ್ವರದಲ್ಲೂ ಅಕ್ಕನಿಗೆ ಹೇಳಿಟ್ಟವರು ಅವರೇ. ಅವಳು ಮುರಿದಿದ್ದಾಳೆ. ಆಮೇಲೆ ಪ್ಲಾಸ್ಟರು ಕತ್ತರಿಸಿ, ತೂತು ಮುಚ್ಚಿ, ಕೂತು ಹಾಡು ತುಂಬಿದ್ದಾಳೆ. ಕೈತಪ್ಪಿ ಯಾರಾದರೂ ಪ್ಲಾಸ್ಟರು ಅಂಟಿಸುತ್ತಾರೆಯೇ?

ಒಂದು ಗುಮಾನಿ ಇನ್ನೊಂದನ್ನು ಕೈಹಿಡಿದು ಕರೆತಂದಿತು. ಓಟದ ಮರುದಿನದ ಪೇಪರು ಮನೆಯಲ್ಲಿ ಸಿಗದೇ ಹೋದದ್ದೇಕೆ? ಅದರಿಂದ ಪುಸ್ತಕಗಳಿಗೆ ಹೊದಿಕೆ ಹಾಕಿದೆ ಎಂದಿದ್ದಳು ಅಕ್ಕ. ಪರೀಕ್ಷೆಗೆ ತಿಂಗಳಿರುವಾಗ ಯಾರು ಹೊದಿಕೆ ಹಾಕುತ್ತಾರೆ? ಶಾಲೆಗೆ ಮರಳಿದಾಗ ಗೆಳೆಯರು ಓಟದ ಬಗ್ಗೆ ಬೇರೇನೋ ಹೇಳಿದ್ದರು. ಹೊಟ್ಟೆಕಿಚ್ಚಿನವರು ಎಂದು ಅವರ ಮಾತನ್ನೇ ನಂಬಿರಲಿಲ್ಲ.

ಅಕ್ಕನ ಕಳ್ಳತನ ಹಿಡಿಯಲೇಬೇಕೆಂದು ಮೇಷ್ಟ್ರು ಕ್ಯಾಸೆಟ್ ಹಾಕಿದರು. ಕೊಕ್ಕರೆ ಬಿದ್ದ. ಡೋಲು ಬಡಿಯಿತು. ಹೆಬ್ಬೆರಳು ಅಭ್ಯಾಸದಿಂದ ಮುಂದೆ ಹೋಯಿತು. ಅದನ್ನು ಹಿಂದಕ್ಕೆಳೆದುಕೊಂಡು ಮುಷ್ಟಿ ಕಟ್ಟಿದರು. ಹಾಡು ಮೊದಲ ಬಾರಿಗೆ ಆ ಕೋಣೆಯಲ್ಲಿ ಪೂರ್ತಿಯಾಗಿ ಹರಿಯಿತು. ಕೆಳಗಿನಿಂದ ಹೊಲಿಗೆ ಯಂತ್ರದ ಸದ್ದನ್ನೂ ಮೀರಿ ಅಕ್ಕನ ದನಿ ಬಂತು.

"ಏನೋ ಅದು, ನೆಗಡಿ ಹಿಡಿದವನು ಹಾಡಿದ ಹಾಗೆ? ಆರಿಸೋ ಮಾರಾಯ. ಆ ಹಾಡು ಕೇಳಿದ್ರೆ ನನಗೆ ಮೊದಲಿಂದಲೂ ಮೈ ಉರಿಯತ್ತೆ."

ಮೇಷ್ಟ್ರು ಕಿವಿ ನಿಮಿರಿಸಿದರು. ಪ್ರಾಣವಾದ ಹಾಡು ಇದೇ ಅಲ್ಲವೇ?

ಅಷ್ಟರಲ್ಲಿ ಹಾಡು ಮುಗಿಯಿತು. ಗರಗರ ಎಂದು ಟೇಪು ಕೆಮ್ಮಿತು. ಅದರಡಿಯಿಂದ, ಅಳಿಸದೆ ಉಳಿದಿದ್ದ ರೇಡಿಯೋದವನ ಸುಸ್ತಾದ ದನಿ ಎದ್ದಿತು: "ಬಹುಮಾನ ಕೊಟ್ಟಾಯಿತು, ಜನ ಎದ್ದು ಹೋಗ್ತಿದ್ದಾರೆ. ಕೊಕ್ಕರೆ ಇನ್ನೂ ಬರ್ತಾ ಇದ್ದಾನೆ. ಕುಂಟುತ್ತಾ ಇದ್ದಾನೆ. ಅವನ ಹಿಂದೆ ಯಾರೂ ಇಲ್ಲ. ಹಾಂ, ದಾಟಿದ. ಈಗ ಹವಾಮಾನ ವರದಿ. ನಾಳೆಯಿಂದ ಬಿಸಿಲು—" ಟೇಪು ಟಕ್ಕೆಂದು ನಿಂತಿತು.

ಮೇಷ್ಟ್ರು ಮೆಲ್ಲಗೆ ಮೆಟ್ಟಿಲಿಳಿದು ಬಂದರು. ಪ್ಲಾಸ್ಟರಿನ ತುಂಡನ್ನು ಅಕ್ಕನ ಯಂತ್ರದ ಮೇಲಿಟ್ಟರು. ಅಕ್ಕ ಅದನ್ನು ನೋಡಿದಳು, ತಮ್ಮನನ್ನು ನೋಡಿದಳು. ದಾರವನ್ನು ಹಲ್ಲಿನಿಂದ ಕಡಿದಳು.

"ಹಾಡು ಮುಗಿದ ಮೇಲೂ ಕೇಳಿದ್ಯಾ?"

"ಕೇಳಿದೆ."

"ನಾನು ಅಷ್ಟು ಅಳಿಸಿದ್ರೆ ಸಾಕು ಅಂದ್ಕೊಂಡಿದ್ದೆ. ಹಾಡು ಇಷ್ಟು ಬೇಗ ಮುಗಿದ್ರೆ ನಾನೇನು ಮಾಡ್ಲಿ?"

ಆಮೇಲೆ ಬಟ್ಟೆಯಿಂದ ಕಣ್ಣೆತ್ತದೆ ಉಳಿದದ್ದನ್ನು ಹೇಳಿದಳು. ಆ ಸಂಜೆ ತಮ್ಮನ ಜ್ವರ ಇಳಿಯುವ ಸೂಚನೆಯೇ ಇರಲಿಲ್ಲವಂತೆ. ಎರಡು ದಿನದಿಂದ ಬಾಯಿಗೆ ನೀರೂ ಹೋಗಿರಲಿಲ್ಲವಂತೆ. ಅಮ್ಮ ದೇವರ ಮುಂದೆ ಕುಳಿತವಳು ಏಳುತ್ತಿರಲಿಲ್ಲ. ಅವನು ಕಣ್ಣು ಬಿಟ್ಟಾಗಲೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು.

"ಕೊಕ್ಕರೆ ಗೆದ್ನಾ ಅಂತ. ಹೂಂ ಕಣೋ, ಗೆದ್ದ ಅಂದುಬಿಟ್ಟೆ. ಅರ್ಧ ಲೋಟ ಹಾಲು ಕುಡಿದೆ ನೀನು. ಆಮೇಲೆ ಇಲ್ಲ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ."

"ಅದಕ್ಕೆ ಈ ಹಾಡೇ ಬೇಕಿತ್ತಾ?"

"ಆ ಹೊತ್ತಿಗೆ ಬೇರೆ ಸ್ಟೇಷನ್ನಲ್ಲಿ ಬರ್ತಿದ್ದದ್ದು ಅದೇ," ಎಂದಳು ಅಕ್ಕ.

ಮೇಷ್ಟ್ರು ಒಳಗೆ ಹೋಗಿ ಎರಡು ಲೋಟ ಚಹಾ ಮಾಡಿ ತಂದು ಒಂದನ್ನು ಅವಳ ಮುಂದಿಟ್ಟರು. ನಲವತ್ತೇಳು ವರ್ಷಗಳಲ್ಲಿ ತಮ್ಮನು ಒಲೆ ಹಚ್ಚಿದ್ದನ್ನು ಕಾಣದ ಅಕ್ಕ ಲೋಟವನ್ನು ಮೂಸಿ ನೋಡಿ, "ಏನು ಬೇಕಿತ್ತು ನಿನಗೆ?" ಎಂದಳು.

ಮರುದಿನ ಬೆಳಿಗ್ಗೆ ಮೈದಾನದಲ್ಲಿ ಕೊಕ್ಕರೆ ಬಿದ್ದ, ಡೋಲು ಬಡಿಯಿತು, ಮೇಷ್ಟ್ರು ನಿಲ್ಲಿಸಲಿಲ್ಲ. ಹಾಡಿಗೆ ಮಕ್ಕಳು ಕಿಸಕ್ಕೆಂದು ನಕ್ಕು ಸೊಂಟ ಆಡಿಸಿದರು. ರೇಡಿಯೋದವನ ಕೊನೆಯ ದನಿ ಬಂದಾಗ ಕುಣಿತ ನಿಲ್ಲಿಸಿ ಕಿವಿಗೊಟ್ಟರು. ಹೋದ ವರ್ಷದ ಓಟದಲ್ಲಿ ಎಲ್ಲರಿಗಿಂತ ಹಿಂದೆ ಬಂದಿದ್ದ ಉದ್ದಜಡೆಯ ಹುಡುಗಿ ಕಣ್ಣು ಕಿರಿದಾಗಿಸಿದಳು.

"ಸಾರ್, ಅವನು ಗೆದ್ದ ಅಂತ ಹೇಳಿದ್ರಿ ನೀವು."

"ನಮ್ಮಕ್ಕ ಹಾಗೆ ಹೇಳಿದ್ಳು," ಎಂದರು ಮೇಷ್ಟ್ರು, ಮತ್ತು ಸೀಟಿ ಊದಿದರು.

ಮಕ್ಕಳು ಓಡಿದರು. ಒಬ್ಬ ದಾಟಿದ, ಇಬ್ಬರು ದಾಟಿದರು, ಮೂರನೆಯವನೂ ದಾಟಿದ. ಸ್ಟಾಪ್‌ವಾಚ್ ಹಿಡಿದ ಮೇಷ್ಟ್ರ ಕೈ ಜೇಬಿನ ಕಡೆ ಹೋಗಲಿಲ್ಲ. ಬಿಸಿಲೇರಿತ್ತು, ಹೆಗಲ ಸ್ವೆಟರನ್ನು ತೆಗೆದು ಸುಣ್ಣದ ಗೆರೆಯ ಪಕ್ಕಕ್ಕೆ ಎಸೆದು ನಿಂತೇ ಇದ್ದರು. ಎಲ್ಲರೂ ನೀರಿನ ನಲ್ಲಿಯ ಹತ್ತಿರ ಸೇರಿದ ಮೇಲೆ ಉದ್ದಜಡೆ ಏದುಸಿರು ಬಿಡುತ್ತಾ ಬಂದು ಗೆರೆ ದಾಟಿದಳು. ದಾಟಿದವಳು ಮುಂದೆ ಹೋಗದೆ ತಿರುಗಿ ಬಂದು ಮೇಷ್ಟ್ರ ಮುಷ್ಟಿಯನ್ನೇ ದಿಟ್ಟಿಸಿದಳು.

"ನನ್ನದೂ ನೋಡಿದ್ರಾ ಸಾರ್?"

"ನೋಡಿದೆ."

"ಸುಳ್ಳು," ಎಂದಳು ಅವಳು, ಮಂಡಿಗೆ ಕೈಯೂರಿಕೊಂಡು. "ಎಲ್ಲಿ, ತೋರಿಸಿ."

ಮೇಷ್ಟ್ರು ಮುಷ್ಟಿ ಬಿಚ್ಚಿದರು.