ಕಡೆಗೋಲಿಗೆ ಹಾಕಿದ ಬೆಸುಗೆ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಇಷ್ಟು ಕೋಪ ಇರುವವಳ ಮುಂದೆ ಸುಳ್ಳು ಹೇಳಲು ಯಾರಿಗೂ ಧೈರ್ಯ ಬರುವುದಿಲ್ಲ ಎಂದು ನಾನು ನಂಬಿಕೊಂಡಿದ್ದೆ. ಕೋಪಿಷ್ಠರ ಮುಂದೆಯೇ ಜನ ಹೆಚ್ಚು ನಯವಾಗಿ ಸುಳ್ಳು ಹೇಳುತ್ತಾರೆ ಎಂಬುದು ಈಗ ಗೊತ್ತಾಗಿದೆ.

ಗಂಡನ ಮನೆಯಿಂದ ನಾನು ಬಯಸಿದ್ದು ಒಂದನ್ನೇ, ಅತ್ತೆಯವರ ಕೃಷ್ಣನನ್ನು. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಬೆಳ್ಳಿಯ ಮೂರ್ತಿ, ಬಲಗೈಯಲ್ಲಿ ಕಡೆಗೋಲು, ಎಡಗೈಯಲ್ಲಿ ಹಗ್ಗ. ಉಡುಪಿಯಿಂದ ಮುಂಬಯಿಗೆ ಬರುವಾಗ ಅತ್ತೆಯವರು ಸೆರಗಿನಲ್ಲಿ ಕಟ್ಟಿಕೊಂಡು ತಂದದ್ದು. ಹಿರಿಯ ಮಗನ ಮನೆಯಲ್ಲಿ ಇರಬೇಕಾದ ದೇವರು ಎಂದು ಅದು ಕಾಮೋಠೆಯಲ್ಲಿ, ನನ್ನ ಭಾವನ ಮನೆಯಲ್ಲಿತ್ತು. ಆದರೆ ಅತ್ತೆಯವರು ಕೊನೆಯ ವರ್ಷಗಳನ್ನು ಕಳೆದದ್ದು ಡೊಂಬಿವಲಿಯ ನಮ್ಮ ಮನೆಯಲ್ಲಿ, ನನ್ನ ಕೈಯ ಗಂಜಿ ಉಂಡು. ಹೋಗುವ ಮುಂಚೆ ಎಲ್ಲರನ್ನೂ ಕರೆಸಿ, ಕೃಷ್ಣ ರಮಾಮಣಿಗೆ ಎಂದು ಹೇಳಿಯೇ ಹೋದರು. ಓರಗಿತ್ತಿ ವಾರಿಜಕ್ಕ ತಲೆಯಾಡಿಸಿದರು. ಆಮೇಲೆ ಪ್ರತಿ ಅಷ್ಟಮಿಗೂ ನಾನು ಆಸೆಯಿಂದ ಕಾಮೋಠೆಗೆ ಹೋಗುವುದು, ಅವರು ಪಾಯಸ ಬಡಿಸಿ ಮುಂದಿನ ವರ್ಷ ನೋಡುವ ಎನ್ನುವುದು ವಾಡಿಕೆಯಾಯಿತು.

ಬಯಸಿದ್ದೆನೇ ಹೊರತು, ಆ ಕೃಷ್ಣನ ಮೈಯನ್ನು ನಾನು ಕಂಡೇ ಇರಲಿಲ್ಲ. ನಮ್ಮ ಮನೆತನದಲ್ಲಿ ದೇವರನ್ನು ಮೀಯಿಸುವುದು ಗಂಡಸರು. ಅದೂ ಮಡಿಯುಟ್ಟು, ಪರದೆ ಎಳೆದುಕೊಂಡು. ಪರದೆ ಸರಿಯುವ ಹೊತ್ತಿಗೆ ಕಿರೀಟದಿಂದ ಪಾದದವರೆಗೆ ಕವಚ ಏರಿರುತ್ತಿತ್ತು, ಮುಖಕ್ಕೂ ಬೆಳ್ಳಿಯ ಮುಖವಾಡ, ಅದರ ಮೇಲೆ ತುಳಸಿಯ ಮಾಲೆ. ಸೊಸೆಯಂದಿರು ಹೊರಗೆ ನಿಂತು ಕೈಮುಗಿಯಬೇಕು. ಮದುವೆಯಾದಂದಿನಿಂದ ನಾನು ಕೈಮುಗಿದದ್ದು ಆ ಕವಚಕ್ಕೆ.

ಇನ್ನು ನನ್ನ ಬೆಂಕಿಯ ವಿಷಯ. ಮಗಳು ಸಂಜನಾಳ ಕಾಲ್ಗೆಜ್ಜೆಯ ಕೊಂಡಿ ಕಳಚಿದಾಗ ಸ್ಟೇಶನ್ ಹತ್ತಿರದ ಅಂಗಡಿಯವನು ಇದು ಸರಿಯಾಗುವುದಿಲ್ಲ, ಹೊಸದು ತೆಗೆದುಕೊಳ್ಳಿ ಎಂದ. ಆ ಸಿಟ್ಟಿಗೇ ನಾನು ಬೆಸುಗೆ ಕಲಿತೆ. ಮೊದಲು ತಂದದ್ದು ಪಾತ್ರೆ ಅಂಗಡಿಯ ಪ್ಲಾಸ್ಟಿಕ್ ಮೈಯ ಗ್ಯಾಸ್ ಟಾರ್ಚು. ತುಸು ಓರೆ ಮಾಡಿದರೆ ಭುಸ್ ಎಂದು ಹಳದಿ ಜ್ವಾಲೆ ಉಗುಳಿ ಆರಿಹೋಗುತ್ತಿತ್ತು. ಸಂಜನಾ ಹಿಂದಿಯಲ್ಲಿ ನನ್ನನ್ನು ಚೆನ್ನಾಗಿ ಬೈದು, ಫೋನಿನಲ್ಲಿ ಹತ್ತಾರು ತೋರಿಸಿದಳು. ನೋಡಿ ನೋಡಿ ನಾನೇ ಆರಿಸಿದೆ. ಮೈ ಲೋಹದ್ದು, ಮೇಜಿನ ಮೇಲೆ ತಾನೇ ನಿಲ್ಲುವಂಥ ಅಗಲ ಬುಡ, ಜ್ವಾಲೆ ಹೆಚ್ಚು ಕಡಿಮೆ ಮಾಡಲು ತಿರುಪು, ಕೈತಪ್ಪಿ ಹೊತ್ತಿಕೊಳ್ಳದ ಹಾಗೆ ಬೀಗ. ಗ್ಯಾಸ್ ತುಂಬುವಾಗ ಟಾರ್ಚನ್ನು ತಲೆಕೆಳಗೆ ಹಿಡಿಯಬೇಕು, ತುಂಬಿದ ಕೂಡಲೇ ಹೊತ್ತಿಸಬಾರದು, ಸುತ್ತ ಚೆಲ್ಲಿದ ಗ್ಯಾಸ್ ಆರಿಹೋಗುವವರೆಗೆ ಕಿಟಕಿ ತೆರೆದು ಕಾಯಬೇಕು. ಸಿಟ್ಟಿನವಳಾದರೂ ಇದೊಂದರಲ್ಲಿ ನಾನು ತಾಳ್ಮೆ ಕಲಿತೆ.

ಯಜಮಾನರು ವಿಷ್ಣುಮೂರ್ತಿ ಠಾಣೆಯ ಮಾಜಿವಾಡಾದಲ್ಲಿ ಒಂದು ಶಾಕಾಹಾರಿ ಹೋಟೆಲಿನ ಗಲ್ಲಾದಲ್ಲಿ ಕೂರುವವರು. ಹೋಟೆಲಿನ ಭಟ್ಟಿಯ ಮುಂದೆ ನಿನ್ನದು ಆಟದ ಸಾಮಾನು ಎಂದು ನಗುತ್ತಿದ್ದರು. ನಕ್ಕರೂ ಗೆಳೆಯರ ಮನೆಯ ಮುರಿದ ಕುಂಕುಮದ ಭರಣಿ, ಕಾಲುಂಗುರ, ಹಿಡಿ ಬಿಟ್ಟ ಸೌಟು ಎಲ್ಲ ತಂದು ನನ್ನ ಮುಂದಿಡುತ್ತಿದ್ದರು. ಒಂದನ್ನು ಮಾತ್ರ ನಾನು ಮಾಡುತ್ತಿರಲಿಲ್ಲ. ಪೂಜೆಯಲ್ಲಿದ್ದ ಮೂರ್ತಿ ಮುಕ್ಕಾದರೆ ಅದಕ್ಕೆ ಬೆಂಕಿ ಹಿಡಿಯಬಾರದು, ನೀರಿಗೆ ಬಿಡಬೇಕು ಎಂದು ಅತ್ತೆಯವರು ಹೇಳಿದ್ದರು. ಅಂಥದ್ದು ತಂದವರನ್ನು ಬಾಗಿಲಿನಿಂದಲೇ ಕಳಿಸುತ್ತಿದ್ದೆ. ಇವರಿಗೆ ಅದು ಚೆನ್ನಾಗಿ ಗೊತ್ತಿತ್ತು.

ಹೋದ ವರ್ಷ ಅಷ್ಟಮಿ ಕಳೆದು ಸ್ವಲ್ಪ ದಿನಕ್ಕೆ ಇವರು ಕರವಸ್ತ್ರದಲ್ಲಿ ಏನೋ ಸುತ್ತಿಕೊಂಡು ಬಂದರು. ಬಿಚ್ಚಿದರೆ ಬೆಳ್ಳಿಯ ಕಡೆಗೋಲು ಕೃಷ್ಣ. ಬಲಗೈ ಮಣಿಕಟ್ಟಿನಲ್ಲಿ ಮುರಿದು ಕಡೆಗೋಲಿನ ಸಮೇತ ಬೇರೆಯಾಗಿತ್ತು. ಹೋಟೆಲಿಗೆ ಬರುವ ಗಿರಾಕಿಯದ್ದು, ಶೋಕೇಸಿನ ಬೊಂಬೆ, ಮನೆಯ ಮಗು ಬೀಳಿಸಿತು ಎಂದರು. ನಮ್ಮ ಕಡೆಯವರಲ್ಲಿ ಶೋಕೇಸಿಗೆ ಇಂಥ ಕೃಷ್ಣ ಇಲ್ಲದ ಮನೆಯೇ ಇಲ್ಲ, ಹಾಗಾಗಿ ನನಗೇನೂ ಅನ್ನಿಸಲಿಲ್ಲ. ಮೂಗು, ಕೆನ್ನೆ ಎಲ್ಲ ಇಷ್ಟು ಸವೆದದ್ದು ಹೇಗೆ ಎಂದು ಮಾತ್ರ ಕೇಳಿದೆ. ಮಗು ಯಾವಾಗಲೂ ಬಾಯಿಗೆ ಹಾಕಿಕೊಳ್ಳುತ್ತದಂತೆ ಎಂದು ಇವರು ಥಟ್ಟನೆ ಹೇಳಿದರು.

ನೀವು ಊಹಿಸಿಯೇ ಬಿಟ್ಟಿರಿ. ನಾನು ಊಹಿಸಲಿಲ್ಲ. ಗಂಡ ಹೇಳಿದ ಮಾತಿನ ಹಿಂದೆ ಏನಿದೆ ಎಂದು ಹುಡುಕುವ ಅಭ್ಯಾಸ ನನಗಿರಲಿಲ್ಲ.

ಆ ಸಂಜೆ ನಾನು ಈರುಳ್ಳಿಯ ಕಾಂದಾ ಭಜಿ ತಿಂದು ಕೈ ಒರೆಸಿಕೊಂಡೇ ಕೆಲಸಕ್ಕೆ ಕೂತೆ. ಕಾಲಲ್ಲಿ ಚಪ್ಪಲಿ, ಪಕ್ಕದಲ್ಲಿ ಫೋನು, ಫೋನಿನಲ್ಲಿ ಮರಾಠಿ ಧಾರಾವಾಹಿ. ಬೊಂಬೆಯನ್ನು ಇಕ್ಕಳದಲ್ಲಿ ತಲೆ ಹಿಡಿದು ಎತ್ತಿ, ಇಟ್ಟಿಗೆಯ ಮೇಲೆ ಅಂಗಾತ ಮಲಗಿಸಿದೆ. ಮುರಿದ ಅಂಚುಗಳನ್ನು ಉಜ್ಜಿ, ಬೆಸುಗೆ ಹರಿಯಲೆಂದು ಬಿಳಿಗಾರ ಹಚ್ಚಿ, ಬೆಸುಗೆಯ ಚೂರು ಇಟ್ಟೆ. ಬೆಸುಗೆಯನ್ನು ಕಾಯಿಸಬಾರದು, ವಸ್ತುವನ್ನು ಕಾಯಿಸಬೇಕು. ವಸ್ತು ಕಾದರೆ ಬೆಸುಗೆ ತಾನೇ ಕರಗಿ ಸಂದಿಗೆ ಓಡುತ್ತದೆ. ಆದರೆ ಇವನ ಮೈ ಎಷ್ಟು ಬೆಂಕಿ ಕೊಟ್ಟರೂ ಕುಡಿಯುತ್ತಿತ್ತು. ನನ್ನ ಚಿಕ್ಕ ಜ್ವಾಲೆಗೆ ಕಾವು ಏರಲೇ ಇಲ್ಲ. ಬೆಸುಗೆ ಗುಂಡಗೆ ಉಂಡೆಯಾಗಿ ಉರುಳಿ ಬಿತ್ತು. ಸುತ್ತ ಇಟ್ಟಿಗೆಯ ಚೂರುಗಳನ್ನು ಗೋಡೆಯ ಹಾಗೆ ನಿಲ್ಲಿಸಿ, ಎದೆ ಹೊಟ್ಟೆಯೆಲ್ಲ ಸವರಿ ಕಾಯಿಸಿ, ಮತ್ತೆ ಕೈಗೆ ಬಂದೆ. ಕಡೆಗೋಲು ಜಾರಿತು. ನನಗೆ ಸಿಟ್ಟು ನೆತ್ತಿಗೇರಿ, ಕಳ್ಳ, ಸುಮ್ಮನೆ ಬಿದ್ದಿರಲಿಕ್ಕೆ ಏನು ರೋಗ ಎಂದು ಬೈದು, ಇಕ್ಕಳದ ಹಿಂಬದಿಯಿಂದ ಕುಟ್ಟಿ ಕೂರಿಸಿದೆ.

ಇವರು ಎದುರಿಗೆ ಕಾಫಿ ಹಿಡಿದು ಕೂತಿದ್ದರು. ನಾನು ಬೈದಾಗ ಎದ್ದು ಬಾಲ್ಕನಿಗೆ ಹೋದರು. ಗ್ಯಾಸಿನ ವಾಸನೆ ಆಗಲಿಲ್ಲವೇನೋ ಅಂದುಕೊಂಡೆ.

ಕೊನೆಗೆ ಬೆಸುಗೆ ಮಿಂಚಿನ ಹಾಗೆ ಓಡಿ ಕೈ ಕೂಡಿತು. ಸ್ವಲ್ಪ ಹೆಚ್ಚಾಗಿಯೇ ಓಡಿ, ಕಿರುಬೆರಳೂ ಅದರ ಪಕ್ಕದ ಬೆರಳೂ ಒಂದೇ ಆದವು. ಬೊಂಬೆಗೆ ಇಷ್ಟು ಸಾಕು ಎಂದು ಬಿಟ್ಟೆ. ಹುಣಸೆ ನೀರಿನಲ್ಲಿ ಕುದಿಸಿ, ಅಂಟುವಾಳದಲ್ಲಿ ಉಜ್ಜಿ, ತಗೊಳ್ಳಿ ನಿಮ್ಮ ಗಿರಾಕಿಗೆ ಕೊಡಿ ಅಂದೆ. ಇವರು ಎರಡೂ ಕೈಯೊಡ್ಡಿ ತೆಗೆದುಕೊಂಡರು. ಬಿಸಿ ಇದೆಯೆಂದು ಹೆದರಿದರು ಎಂದು ನನಗೆ ನಗು ಬಂತು.

ಅದಾಗಿ ಕೆಲವು ತಿಂಗಳಿಗೆ ವಾರಿಜಕ್ಕನ ಫೋನು ಬಂತು. ಭಾವನಿಗೆ ಕೈ ನಡುಕ ಹೆಚ್ಚಾಗಿದೆ, ಇನ್ನು ಪೂಜೆ ನಡೆಸಲು ಆಗುವುದಿಲ್ಲ, ಕೃಷ್ಣನನ್ನು ನೀವೇ ಕೊಂಡುಹೋಗಿ ಎಂದರು. ಅಡುಗೆಮನೆಯ ಮೂಲೆ ಖಾಲಿ ಮಾಡಿಸಿ ಮಂಟಪ ಇರಿಸಿದೆ. ಕಾಮೋಠೆಯಲ್ಲಿ ನೆಂಟರನ್ನೆಲ್ಲ ಕರೆದು ಊಟ ಹಾಕಿದರು. ವಾರಿಜಕ್ಕ ಎಲ್ಲರ ಮುಂದೆ ನನ್ನ ಭುಜ ಹಿಡಿದು, ಅತ್ತೆಯ ಮಾತು ನಾನು ಉಳಿಸಿದೆ ರಮಾ ಎಂದರು. ಕವಚ ತೊಟ್ಟು ತುಳಸಿ ಹೊದ್ದ ಕೃಷ್ಣನನ್ನು ಇವರು ಮಡಿಯಲ್ಲಿ ಎತ್ತಿಕೊಂಡರು. ನಾನು ವಾರಿಜಕ್ಕನ ಕಾಲಿಗೆ ಬಿದ್ದು ಅತ್ತೆ. ಇಷ್ಟು ವರ್ಷ ಮನಸ್ಸಿನಲ್ಲೇ ಅವರನ್ನು ಬೈದುಕೊಂಡದ್ದಕ್ಕೆ ನಾಚಿಕೆಯಾಗಿ ಅತ್ತೆ. ಅವರು ನನ್ನನ್ನು ಎಬ್ಬಿಸಿ ಕಣ್ಣೊರೆಸಿದರು. ಭಾವ ಕಿಟಕಿಯ ಕಡೆ ನೋಡುತ್ತ ಕೂತಿದ್ದರು.

ಡೊಂಬಿವಲಿಯಲ್ಲೂ ಅದೇ ಕ್ರಮ ನಡೆಯಿತು. ಬೆಳಿಗ್ಗೆ ಇವರು ಮಿಂದು ಪರದೆ ಎಳೆಯುವುದು, ನಾನು ಹೊರಗೆ ಹೂ ಹಿಡಿದು ನಿಲ್ಲುವುದು. ದೇವರು ಮನೆಗೆ ಬಂದನಲ್ಲ ಎಂಬ ಸಂತೋಷದಲ್ಲಿ ನನಗೆ ಬೇರೇನೂ ಬೇಕಿರಲಿಲ್ಲ. ಅತ್ತೆಯವರು ಹೇಳಿಕೊಟ್ಟ ಹಾಡುಗಳೆಲ್ಲ ನೆನಪಾಗಿ ಹಾಡುತ್ತಿದ್ದೆ. ಸಂಜನಾ ಆಫೀಸಿಗೆ ಹೊರಟವಳು ಮಂಟಪದ ಮುಂದೆ ಒಂದು ನಿಮಿಷ ನಿಂತೇ ಲೋಕಲ್ ಹಿಡಿಯಲು ಓಡುತ್ತಿದ್ದಳು. ಅದನ್ನು ಕಂಡೂ ಹೊಟ್ಟೆ ತಂಪಾಗುತ್ತಿತ್ತು.

ಮೊನ್ನೆ ಮಳೆಯಲ್ಲಿ ನೆನೆದು ಬಂದು ಇವರಿಗೆ ಜ್ವರ ಹಿಡಿಯಿತು. ಏಳಲು ಆಗಲಿಲ್ಲ. ಕವಚದ ಮೇಲೆಯೇ ಒಂದು ತುಳಸಿ ಇಟ್ಟು ದೀಪ ಹಚ್ಚು, ಸಾಕು ಎಂದರು. ಸರಿ ಎಂದೆ. ಕವಚ ಮಾತ್ರ ತೆಗೆಯಬೇಡ ಎಂದರು. ಇಲ್ಲ ಎಂದೆ. ನಾನು ಬಾಗಿಲು ದಾಟುವಾಗ ಮತ್ತೆ ಕರೆದು ಅದನ್ನೇ ಹೇಳಿದರು. ಹಾಸಿಗೆಯಲ್ಲಿ ಬಿದ್ದವರು ಒಂದೇ ಮಾತನ್ನು ಇಷ್ಟು ಸಲ ಹೇಳಿದರೆ ನನ್ನಂಥವಳಿಗೆ ರೇಗುತ್ತದೆ. ಮನೆಗೆ ಬಂದ ದೇವರನ್ನು ಒಂದು ದಿನ ಮೀಯಿಸದೆ ಇಡುವುದೇ? ಅತ್ತೆಯವರು ನನಗೆಂದು ಕೊಟ್ಟ ದೇವರು. ತಲೆಗೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಬಂದು, ಪರದೆ ಎಳೆದು, ಕವಚದ ಕೊಂಡಿ ಬಿಚ್ಚಿದೆ.

ಸವೆದ ಮೂಗು. ಸವೆದ ಕೆನ್ನೆ. ಬಲಗೈಯಲ್ಲಿ ಒಂದಾಗಿ ಹೋದ ಎರಡು ಬೆರಳು.

ನನ್ನ ಅಕ್ಷರ ನನಗೆ ಗೊತ್ತಾಗುವ ಹಾಗೆ ನನ್ನ ಬೆಸುಗೆಯೂ ಗೊತ್ತಾಗುತ್ತದೆ. ಆದರೂ ಬೆಳಕಿಗೆ ಹಿಡಿದೆ. ಮಣಿಕಟ್ಟಿನ ಸುತ್ತ ತೆಳ್ಳಗೆ ಹಳದಿ ಗೆರೆ. ಬೊಂಬೆಗೆ ಸಾಕು ಎಂದು ನಾನೇ ಬಿಟ್ಟ ಗೆರೆ. ಅಲ್ಲೇ ಕೂತೆ. ಚಪ್ಪಲಿ ನೆನಪಾಯಿತು, ಭಜಿಯ ಎಣ್ಣೆ ನೆನಪಾಯಿತು, ತಲೆ ಹಿಡಿದ ಇಕ್ಕಳ ನೆನಪಾಯಿತು. ಅದೆಲ್ಲಕ್ಕಿಂತ ಹೆಚ್ಚಾಗಿ, ಎದುರಿಗೆ ಕೂತು ಕಾಫಿ ಕುಡಿಯುತ್ತಿದ್ದ ಗಂಡ ನೆನಪಾದರು.

ಮೂರ್ತಿಯನ್ನು ಬಟ್ಟಲಲ್ಲಿಟ್ಟು ಇವರ ಹಾಸಿಗೆಯ ಪಕ್ಕ ಹೋಗಿ ನಿಂತೆ. ಒದ್ದೆ ಸೀರೆ ಕಂಡೇ ಇವರಿಗೆ ಅರ್ಥವಾಯಿತು. ಮೊದಲು ಗೋಡೆಯ ಕಡೆ ತಿರುಗಿದರು. ಆಮೇಲೆ ತಾವಾಗಿಯೇ ಹೇಳಿದರು. ಅಷ್ಟಮಿಯ ದಿನ ಪರದೆಯ ಒಳಗೆ ಭಾವನ ಕೈ ನಡುಗಿ ಮೂರ್ತಿ ಕಲ್ಲಿಗೆ ಬಿದ್ದಿತ್ತು. ನಾನು ಆಗ ಹೊರಗೆ ನಿಂತು ಹಾಡುತ್ತಿದ್ದೆ. ಮುಕ್ಕಾದದ್ದು ಮನೆಯಲ್ಲಿದ್ದರೆ ಕೇಡು, ನೀರಿಗೆ ಬಿಡಿ ಎಂದು ವಾರಿಜಕ್ಕ ಹಟ ಹಿಡಿದರಂತೆ.

"ಅಮ್ಮನ ಕೃಷ್ಣನನ್ನು ಮುಂಬ್ರಾದ ಖಾಡಿಯ ನೀರಿಗೆ ಬಿಸಾಡ್ಲಿಕ್ಕೆ ನನಗೆ ಕೈ ಬರ್ಲಿಲ್ಲ ಮಾರಾಯ್ತಿ," ಎಂದರು.

"ನನ್ನ ಹತ್ರ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ನೀನು ಮಾಡ್ತಿರ್ಲಿಲ್ಲ. ಪೂಜೆಯದ್ದು ಮುಟ್ಟುದಿಲ್ಲ ಅಂತ ನೀನೇ ಹೇಳ್ತಿದ್ದದ್ದು."

"ಮಾಡ್ತಿದ್ದೆ. ಮಿಂದು ಬಂದು ಮಾಡ್ತಿದ್ದೆ."

ನಾನು ಸುಳ್ಳು ಹೇಳಲಿಲ್ಲ. ಉಪವಾಸ ಇದ್ದು, ದೀಪ ಹಚ್ಚಿ, ಅತ್ತೆಯವರ ಕ್ಷಮೆ ಕೇಳಿ ಆಮೇಲೆ ಟಾರ್ಚು ಹೊತ್ತಿಸುತ್ತಿದ್ದೆ. ಅವನ ಒಂದೊಂದು ಬೆರಳನ್ನೂ ಬಿಡಿಬಿಡಿಯಾಗಿ ಉಳಿಸುತ್ತಿದ್ದೆ. ಸರಿಯಾಗಿದ್ದಾಗ ನನ್ನ ನೆರಳೂ ಬೀಳಬಾರದ ದೇವರು ಮುರಿದಾಗ ಬೊಂಬೆಯಾಗಿ ನನ್ನ ಕೈಗೆ ಬಂದ. ಸರಿಯಾದ ಮೇಲೆ ಮತ್ತೆ ದೇವರಾಗಿ ಪರದೆಯ ಹಿಂದೆ ಹೋದ. ಅವನನ್ನು ನಾನು ಬೈದದ್ದನ್ನು ಇವರು ಕೇಳಿಸಿಕೊಂಡರು, ಮರುದಿನ ಎಂದಿನ ಹಾಗೆ ತಿಂಡಿ ತಿಂದು ಹೋಟೆಲಿಗೆ ಹೋದರು.

ಇದು ಮತ್ತೆ ಯಾರಿಗೆ ಗೊತ್ತು ಎಂದು ಕೇಳಿದೆ. ಅಣ್ಣನಿಗೂ ಅತ್ತಿಗೆಗೂ ಎಂದರು. ಬೆಸುಗೆ ಹಾಕಿದ ಮೇಲೂ ಅತ್ತಿಗೆಯ ಹೆದರಿಕೆ ಹೋಗಲಿಲ್ಲ, ಅದಕ್ಕೇ ನಮಗೆ ಕೊಟ್ಟದ್ದು ಎಂಬುದೂ ಬಾಯಿತಪ್ಪಿ ಹೊರಬಂತು. ಹಾಗಾದರೆ ಎಲ್ಲರ ಮುಂದೆ ಕಾಲಿಗೆ ಬಿದ್ದು ಅತ್ತ ನನ್ನನ್ನು ಮೂವರೂ ನೋಡುತ್ತಿದ್ದರು. ವಾರಿಜಕ್ಕ ನನ್ನ ಕಣ್ಣೊರೆಸಿದ ಸೆರಗಿನ ನೆನಪಾಗಿ ಮುಖ ಉರಿಯಿತು.

"ನಿನಗೆ ಬೇಕಿತ್ತಲ್ಲ ರಮಾ," ಎಂದರು ಇವರು. "ಕವಚ ಹಾಕಿದ್ರೆ ಎಂತ ಗೊತ್ತಾಗ್ತದೆ? ಬೇರೆ ಯಾರಿಗೂ ಗೊತ್ತಿಲ್ಲ."

ನನಗೆ ಬರಬೇಕಾದ ಕೋಪ ಆಗ ಬರಲೇ ಇಲ್ಲ. ಬಂದಿದ್ದರೆ ಒಳ್ಳೆಯದಿತ್ತು. ಹಿಂದಿರುಗಿ ಮಂಟಪದ ಮುಂದೆ ಕೂತೆ. ಹಾಲು ಎರೆದೆ, ನೀರು ಎರೆದೆ, ಮೆತ್ತನೆಯ ಬಟ್ಟೆಯಿಂದ ಒರೆಸಿದೆ. ಎಷ್ಟೋ ವರ್ಷ ಕನಸಿನಲ್ಲಿ ನಾನು ಮಾಡಿದ ಕೆಲಸ ಇದು. ಕಣ್ಣು ಮುಚ್ಚಿ ಕೈಮುಗಿಯಲು ನೋಡಿದೆ. ಇಟ್ಟಿಗೆಯ ಮೇಲೆ ಅಂಗಾತ ಮಲಗಿದ್ದ ಬೊಂಬೆಯೇ ಕಣ್ಣಿಗೆ ಕಟ್ಟಿತು. ಇನ್ನೊಮ್ಮೆ ನೋಡಿದೆ. ನನ್ನ ಹೆಬ್ಬೆರಳು ತಾನಾಗಿ ಮಣಿಕಟ್ಟಿಗೆ ಹೋಗಿ, ಬೆಸುಗೆ ಅಲ್ಲಾಡುತ್ತದೆಯೇ ಎಂದು ಒತ್ತಿ ನೋಡುತ್ತಿತ್ತು. ಹಾಡು ಬರಲಿಲ್ಲ. ಕವಚ ತೊಡಿಸಿ ಕೊಂಡಿ ಹಾಕಿದೆ.

ಒಳಗಿನಿಂದ ಇವರು, ಪೂಜೆ ಆಯಿತಾ ಎಂದು ಮೆಲ್ಲನೆ ಕೇಳಿದರು.

"ನಿಮ್ಮ ಗಿರಾಕಿಯ ಬೊಂಬೆ ತೊಳೆದು ಇಟ್ಟಿದ್ದೇನೆ," ಅಂದೆ.