ಆಮೆಯ ಕಂಬ

ಫ್ರೆಂಚರು ನಮ್ಮ ಮನೆಯನ್ನು ಸುಟ್ಟಿದ್ದರೆ ನನ್ನ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ. ಅವರು ಅದನ್ನು ಬಿಚ್ಚಿದರು. ದಿಯೆನ್ ಬಿಯೆನ್ ಫುವಿನ ನಮ್ಮ ಬಯಲಿಗೆ ಪ್ಯಾರಾಚೂಟಿನಲ್ಲಿ ಆಕಾಶದಿಂದ ಇಳಿದವರಿಗೆ, ತಾವು ಅಡಗುವ ನೆಲಗುಂಡಿಗಳಿಗೆ ಮಾಡು ಹಾಕಲು ಮರ ಬೇಕಿತ್ತು. ಊರಿನ ಮನೆಗಳನ್ನೆಲ್ಲ ಕಿತ್ತು ಲಾರಿಗೆ ತುಂಬಿದರು. ತೀರಿಕೊಂಡ ಹಿರಿಯರು ನೆಲೆಸುವ ಕಂಬವನ್ನೂ ಬಿಡಲಿಲ್ಲ. ನಾವು ತಾಯ್ ಬುಡಕಟ್ಟಿನವರು ಆ ಕಂಬಕ್ಕೆ ಮರದ ಆಮೆ ಕಟ್ಟಿರುತ್ತೇವೆ. ಹೊರಗಿನವರು ಮುಟ್ಟುವ ಹಾಗಿಲ್ಲ. ನಮ್ಮ ಅತ್ತೆ ಅದನ್ನು ತಬ್ಬಿ ನಿಂತರು. ಒಬ್ಬ ಸಿಪಾಯಿ ಬೂಟುಗಾಲಿನಿಂದ ಅವರ ಸೊಂಟಕ್ಕೆ ಒದ್ದ.

ಆ ಸೊಂಟ ಮತ್ತೆ ನೆಟ್ಟಗಾಗಲಿಲ್ಲ. ಅತ್ತೆ ಕಾಡಿನ ಗುಡಿಸಲಲ್ಲಿ ಮಲಗಿದಲ್ಲೇ ಉಳಿದರು. ನಾನು ಫ್ರೆಂಚರನ್ನು ಮುತ್ತಿದ್ದ ನಮ್ಮ ಸೈನ್ಯಕ್ಕೆ ಗುಡ್ಡ ಹತ್ತಿ ಅಕ್ಕಿ ಹೊತ್ತೆ. ಗುಡ್ಡದಿಂದ ನಮ್ಮ ತೋಪು ಗುಡುಗಿದಾಗಲೆಲ್ಲ ಅತ್ತೆ, "ಹೊಡೀರಿ, ಹೊಡೀರಿ!" ಎನ್ನುವರು; ಮರುಗಳಿಗೆಗೇ, "ಅಯ್ಯೋ, ನನ್ನ ಕಂಬಕ್ಕೆ ತಾಗೀತು!"

ಫ್ರೆಂಚರು ಸೋತು ಕೈಯೆತ್ತಿದ ದಿನ ಅತ್ತೆಯ ಉಸಿರು ಗೊರಗೊರ ಎನ್ನತೊಡಗಿತ್ತು. "ಕಂಬ ಇಲ್ಲದ ಕಡೆ ಸತ್ರೆ ನಿನ್ನ ಮಾವ ನನ್ನ ಎಲ್ಲಿ ಅಂತ ಹುಡುಕ್ತಾರೆ, ಪೇಂಗ್? ಹೋಗು, ತಗೊಂಡು ಬಾ."

ಮರುದಿನ ಬೆಳಿಗ್ಗೆ ಕೊಡಲಿ ಹಿಡಿದು ಇಳಿದೆ. ಹೊಳೆಯ ಪಕ್ಕದ ಗುಂಡಿಗಳನ್ನು ಒಂದೊಂದಾಗಿ ಹೊಕ್ಕೆ. ಕೊನೆಗೆ ಆಮೆ ಸಿಕ್ಕಿತು. ಅದರ ಕೊರಳಿಗೆ ಯಾರೋ ಔಷಧಿ ಬಾಟಲಿ ನೇತುಹಾಕಿದ್ದರು. ಕಂಬ ಮಣ್ಣಿನ ಮಾಡನ್ನು ಹೊತ್ತು ನಿಂತಿತ್ತು. ಕೆಳಗೆ ಕೆಸರಿನಲ್ಲಿ ಗಾಯಗೊಂಡ ಫ್ರೆಂಚರು, ಮೈಗೆ ಮೈ ತಾಗಿಸಿ.

ಮೇಲಿನ ತೊಲೆಗೆ ಕೊಡಲಿ ಎತ್ತಿದೆ. ಕಾವಲಿದ್ದ ನಮ್ಮ ಸೈನಿಕ ಖ್ವಾತ್ ಕೈ ಹಿಡಿದ.

"ಅಕ್ಕಾ, ತಲೆ ಕೆಟ್ಟಿದ್ಯಾ? ಮಾಡು ಕುಸಿಯುತ್ತೆ!"

"ಕುಸೀಲಿ."

"ಇವರನ್ನ ಸಾಗಿಸೋಕೆ ನಾಲ್ಕು ದಿನ ಬೇಕು. ಆಮೇಲೆ ನಾನೇ ಕಿತ್ತುಕೊಡ್ತೀನಿ."

"ಅತ್ತೆಗೆ ಅಷ್ಟು ದಿನ ಇಲ್ಲ ಕಣೋ! ನಮ್ಮ ಮನೆ ಬಿಚ್ಚುವಾಗ ಒಳಗೆ ಯಾರಿದ್ದಾರೆ ಅಂತ ಇವರು ಕೇಳಿದ್ರಾ?"

ಅವನು ಕೈ ಬಿಡಲಿಲ್ಲ. ಕಂಬದ ಬುಡದಲ್ಲಿ ಕಾಲಿಲ್ಲದವನೊಬ್ಬ ನನ್ನ ಕೊಡಲಿಯನ್ನೇ ನೋಡುತ್ತಿದ್ದ. ನನಗೆ ಮರುಕ ಬರಲಿಲ್ಲ. ನನ್ನ ಮನೆಯನ್ನು ತಲೆಯ ಮೇಲೆ ಹೊದ್ದುಕೊಂಡು, ಈಗ ನನಗೇ ಹೆದರುತ್ತಾನೆ!

"ಸರಿ, ಹೊರೋಕೆ ನಾಲ್ಕು ಜನ ಕೈದಿಗಳನ್ನ ಕೊಡು," ಎಂದೆ. "ಕಂಬ ಬರಲ್ಲ ಅಂದ್ರೆ ಅತ್ತೆ ಬರ್ತಾರೆ."

ಪ್ಯಾರಾಚೂಟಿನ ಬಟ್ಟೆಯ ಜೋಲಿಯಲ್ಲಿ ಅತ್ತೆಯನ್ನು ಹೊತ್ತು ತಂದರು. ಒಳಗೆ ಬಂದದ್ದೇ ಅತ್ತೆ ಕಣ್ಣರಳಿಸಿದರು.

"ಮೊದ್ಲು ಆ ದರಿದ್ರ ಬಾಟ್ಲಿ ಬಿಸಾಕು." ಕಾಲಿಲ್ಲದವನ ಕಡೆ ತಿರುಗಿ, "ಏಯ್, ಆಚೆ ಸರಿ. ಅದು ನನ್ನ ಜಾಗ."

ಮಾತು ತಿಳಿಯದಿದ್ದರೂ ಅವನು ತೆವಳಿಕೊಂಡು ಸರಿದ. ಅತ್ತೆಯ ಬೆನ್ನನ್ನು ಕಂಬಕ್ಕೆ ಆನಿಸಿದೆ. ಆಮೆಯ ಮುಂದೆ ಅಂಟಕ್ಕಿಯ ಉಂಡೆ ಇಟ್ಟೆ. ಗುಂಡಿಯಲ್ಲಿದ್ದವರ ಕಣ್ಣುಗಳೆಲ್ಲ ಆ ಉಂಡೆಯ ಮೇಲೆಯೇ.

"ಕೊಡಬೇಡ," ಎಂದರು ಅತ್ತೆ. "ಕರೀದೆ ಬಂದೋರು."

ಕೊಡಲಿಲ್ಲ.

ಮಧ್ಯಾಹ್ನ ಅತ್ತೆ ಹೋದರು. ಕಾಲಿಲ್ಲದವನು ಟೋಪಿ ತೆಗೆದ. "ಹಾಕ್ಕೊಳೋ," ಎಂದೆ. "ನಿನ್ನ ಮರ್ಯಾದೆ ಯಾರಿಗೆ ಬೇಕು?"

ಚಿತೆ ಆರಿದ ಮೇಲೆ ಮತ್ತೆ ಬಂದು, ಕೊನೆಯವನನ್ನು ಹೊರಗೆ ಸಾಗಿಸುವವರೆಗೂ ಬಾಗಿಲಲ್ಲೇ ಕೂತೆ. ಆಮೇಲೆ ಕೊಡಲಿ ಎತ್ತಿದೆ. ಈ ಸಲ ಖ್ವಾತ್ ಕೈ ಹಿಡಿಯಲಿಲ್ಲ.