ಒಲೆ ಹಚ್ಚದ ಎರಡು ದಿನ

ಉಮಾದೇವಿ ಗಂಡನ ಬ್ಯಾಂಕಿನ ವರ್ಗಾವಣೆಗಳ ಹಿಂದೆ ಅರ್ಧ ಭೂಮಂಡಲ ಸುತ್ತಿದವಳು. ಅವಳು ಲಟ್ಟಿಸಿದ ಚಪಾತಿಗಳನ್ನು ಸಾಲಾಗಿ ಹಾಸಿದರೆ ವಿಶಾಖಪಟ್ಟಣದಿಂದ ಬಾಗಲಕೋಟೆಯವರೆಗೆ ಮಣ್ಣು ಮುಟ್ಟದೆ ನಡೆದುಹೋಗಬಹುದಿತ್ತು. ಆದ್ದರಿಂದಲೇ ಗಂಡ ಭೀಮಸೇನ, "ಅಮರಾವತಿ ಹತ್ರ, ಕೃಷ್ಣಾ ದಂಡಿ ಮ್ಯಾಲೆ ಟೆಂಟ್ ಹಾಕೋಣು. ಎರಡು ದಿನ ನೀ ಒಲಿ ಹಚ್ಚೋದ ಬ್ಯಾಡ," ಅಂದಾಗ ವಿಶಾಖಪಟ್ಟಣದ ಇಡೀ ಎಂವಿಪಿ ಕಾಲೋನಿಗೆ ಕೇಳುವಂತೆ ಹೂಂ ಅಂದಳು.

ಮಗಳನ್ನೂ ಕೂರಿಸಿಕೊಂಡು ಕಾರು ಹೊರಟಿತು. ವಿಜಯವಾಡ ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ, ಭೀಮಸೇನನ ಕೈ ಫೋನಿಗೆ ಹೋಯಿತು. ಊರಿನಲ್ಲಿ ತಮ್ಮ ಬ್ಯಾಂಕಿನ ಕನ್ನಡಿಗರೊಬ್ಬರಿದ್ದರೆ ತಿಳಿಸದೆ ಹಾದುಹೋಗುವುದು ಬ್ಯಾಂಕಿನವರಲ್ಲಿ ಕೊಲೆಗಿಂತ ದೊಡ್ಡ ಅಪರಾಧ.

"ಬ್ಯಾಡ್ರೀ," ಅಂದಳು ಉಮಾದೇವಿ.

"ಬರೇ ನಮಸ್ಕಾರ ಹೇಳತೀನಿ, ಮಾರಾಯ್ತಿ."

ಆ ನಮಸ್ಕಾರ ವಿಜಯವಾಡದ ಆಟೋನಗರದ ಹತ್ತಿರ ಬ್ಯಾಂಕಿನ ಸಹೋದ್ಯೋಗಿ ಗೋಪಾಲಕೃಷ್ಣರ ಮನೆಯಲ್ಲಿ ಊಟವಾಯಿತು, ಊಟ ಹೋಳಿಗೆಯಾಯಿತು, ಕೊನೆಗೆ ಅವರ ಕಾರೂ ಇವರ ಬೆನ್ನಿಗೆ ಬಿತ್ತು. ಉಂಡವಲ್ಲಿ ಗುಹೆಯಲ್ಲಿ ಗಂಡಸರಿಬ್ಬರೂ ಪ್ರಮೋಷನ್ನಿನ ಮಾತಾಡಿದ ಅಬ್ಬರಕ್ಕೆ, ಶತಮಾನಗಳಿಂದ ಮಲಗಿದ್ದ ಕಲ್ಲಿನ ಅನಂತಶಯನನೇ ಮಗ್ಗುಲು ಬದಲಿಸಿದ. ಅಮರಾವತಿಯ ಬುದ್ಧನ ಮುಖದಲ್ಲೂ ಸಿಟ್ಟು ಕಂಡಿತು ಉಮಾದೇವಿಗೆ.

ಸಂಜೆ ದಂಡೆಯ ಮೇಲೆ ಟೆಂಟು ಎದ್ದಿತು. ಅವಳು ಚಪ್ಪಲಿ ಬಿಡುವ ಮೊದಲೇ ಗಂಡಸರು ಒಳಗೆ ನುಗ್ಗಿ ಕಾಲು ಚಾಚಿದರು. ಗೋಪಾಲಕೃಷ್ಣರ ಹೆಂಡತಿ ಗಿರಿಜಾ ಕಾರಿನಿಂದ ಗ್ಯಾಸ್ ಒಲೆ, ಮಣೆ, ಲಟ್ಟಣಿಗೆ ಇಳಿಸಿದಳು.

"ನಿಮ್ ಕೈ ಚಪಾತಿ ತಿನ್ನಿಸ್ತೀನಿ ಅಂತ ನಿಮ್ ಯಜಮಾನ್ರು ಫೋನಲ್ಲೇ ಹೇಳಿದ್ರಂತೆ ಕಣ್ರೀ. ಹಿಟ್ಟು ಕಲಸಿಯೇ ತಂದಿದೀನಿ."

ಉಮಾದೇವಿಯ ನೆತ್ತಿಯಿಂದ ಎದ್ದ ಹೊಗೆ ಕಂಡು, ಆಚೆ ದಡದವರು ಹೊಸ ವಿದ್ಯುತ್ ಸ್ಥಾವರ ಶುರುವಾಯಿತೆಂದು ಖುಷಿಪಟ್ಟಿರಬೇಕು.

"ಅಮ್ಮಾ, ಆಕಲಿ!" ಮಗಳು ಅಪೂರ್ವ ತನ್ನ ಹಸಿವನ್ನು ಎಂದಿನಂತೆ ತೆಲುಗಿನಲ್ಲೇ ಕೂಗಿದಳು.

ಒಳಗಿನಿಂದ ಭೀಮಸೇನ ಸೇರಿಸಿದ: "ಲಗೂನ ಮಾಡು, ಉಮಾ. ಗೋಪಾಲಕೃಷ್ಣ ಅವರೂ ಹಸದಾರ."

ಉಮಾದೇವಿ ಲಟ್ಟಣಿಗೆ ಹಿಡಿದು ಟೆಂಟಿನ ಬಾಯಿಗೆ ಬಂದಳು. ಅವಳು ಬೀಸಿದ್ದು ಗಾಳಿಗೆ. ಆ ಗಾಳಿಗೇ ಇಬ್ಬರು ಆಫೀಸರರೂ ಹೊರಗೆ ಮರಳಿನಲ್ಲಿದ್ದರು. ಲಟ್ಟಣಿಗೆಯನ್ನು ಗಂಡನ ಕೈಗೆ ತುರುಕಿ, ಅಪೂರ್ವಳನ್ನೂ ಗಿರಿಜಾಳನ್ನೂ ಒಳಗೆಳೆದು ಜಿಪ್ ಹಾಕಿದಳು.

"ಏನಿದು? ಮಂದಿ ಮುಂದ ಮರ್ಯಾದಿ..."

"ಅಡಿಗಿ ಆದ ಮ್ಯಾಲೆ ಕರೀರಿ."

ಹೊರಗೆ ಒಂದಿಷ್ಟು ಪಿಸುಮಾತು. ಪಾತ್ರೆ ಬಿದ್ದ ಸದ್ದು. ಆಮೇಲೆ ಹಿಟ್ಟು ಸೀದ ವಾಸನೆ. ಗಿರಿಜಾ ತಡೆಯಲಾರದೆ ಏಳಹೋದಳು. ಉಮಾದೇವಿ ಅವಳ ಸೆರಗು ಹಿಡಿದು ಕೂರಿಸಿದಳು.

"ಸುಡಲಿ ಬಿಡ್ರಿ."